ರೆಪ್ಪೆಯೊಳಗೆ ಹೊರಳುವುದು

ಬೈಲಹೊಂಗಲ
೧೬ ಜೂನ್ ೧೯೯೬

ಚಿ. ರಾಜೇಶ್ವರಿಗೆ,

ಈ ಪತ್ರ ನಿನಗಿಂತ ಮೊದಲು ಸಂಜುವಿನ ಕೈಗೆ ಸಿಕ್ಕರೆ ಅವರೇ ಮೊದಲು ಓದಲಿ. ಗಂಡನಿಂದ ಮುಚ್ಚಿಡುವಂಥದ್ದು ಇದರಲ್ಲಿ ಇಲ್ಲ.

ಹೋದ ವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನಗೆ ಕಣ್ಣು ಹಾಕುವಾಗ ನಾನೂ ಬಂದಿದ್ದೆ. ನೀರಿನ ನಲ್ಲಿಯ ಹತ್ತಿರ, ಕಂಬದ ಮರೆಯಲ್ಲಿ ನಿಂತಿದ್ದೆ. ನೀನು ಕೋಣೆಯಿಂದ ಹೊರಗೆ ಬಂದು ಎಡಕ್ಕೆ ತಿರುಗಿ ನಿನ್ನ ಅತ್ತೆಯನ್ನು ಹುಡುಕಿದೆ. ಎರಡೂ ಕಣ್ಣು ಕೂಡಿಯೇ ಹೊರಳಿದವು. ನಾನು ಬೆಚ್ಚಿಬಿದ್ದೆ. ಮಾಡಿಸಿದ ಕಣ್ಣು ಗೋಡೆಗೆ ಬಡಿದ ಮೊಳೆಯ ಹಾಗೆ ಒಂದೇ ಕಡೆ ನಿಂತಿರುತ್ತದೆಂದು ತಿಳಿದಿದ್ದೆ. ಯಾವುದು ನಿನ್ನದು, ಯಾವುದು ಅವರು ಕೊಟ್ಟದ್ದು ಎಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಸಂತೋಷವಾಗಬೇಕಿತ್ತು. ಕಂಬದ ಹಿಂದೆ ಇನ್ನಷ್ಟು ಸರಿದೆ.

ಏಪ್ರಿಲ್‌ನ ಆ ಸಂಜೆ ನಿನಗೆ ಅರೆ ಎಚ್ಚರ. ಯಾರು ನಿನಗೆ ಹೇಗೆ ಹೇಳಿದ್ದಾರೋ. ನಾನು ಕಂಡದ್ದು ಇಷ್ಟು. ಹತ್ತಿ ಕಟ್ಟಿಗೆ ಕೀಳುವಾಗ ಒಂದು ಸಿಬಿರು ಚಿಮ್ಮಿ ನಿನ್ನ ಬಲಗಣ್ಣಿಗೆ ನೆಟ್ಟಿತ್ತು. ಊರಲ್ಲಿ ಹನಿ ಹಾಕಿಸಿಕೊಂಡು ಕುಳಿತು, ಹುಬ್ಬಳ್ಳಿಗೆ ಬರುವ ಹೊತ್ತಿಗೆ ಅದರ ಒಳಗೆಲ್ಲ ಹರಿದುಹೋಗಿತ್ತು. ಅದನ್ನು ಹಾಗೆಯೇ ಬಿಟ್ಟರೆ ಎಡಗಣ್ಣೂ ಅದರ ಹಿಂದೆಯೇ ಹೋಗಬಹುದು ಎಂದರು ಡಾಕ್ಟರು. ಸಂಜು ಹಿರಿಯರನ್ನು ಕೇಳಿ ಬರುತ್ತೇನೆಂದು ಚಚಡಿಗೆ ಹೋದರು. ಡಾಕ್ಟರು ಕಾಯಲು ಒಪ್ಪಲಿಲ್ಲ. ನಾನು ಸಹಿ ಮಾಡಿದೆ.

ಮರುದಿನ ನಿನ್ನ ಅತ್ತೆ ಸುಂದರವ್ವನವರು ಬಂದು ಪಟ್ಟಿ ಕಟ್ಟಿದ ನಿನ್ನ ಮುಖ ನೋಡಿದರು. ಅಳಲಿಲ್ಲ. "ಹೆಣ್ಣ ಕೊಟ್ಟಮ್ಯಾಲ ಆಕಿ ಕಣ್ಣ ನಿಮ್ಮದಲ್ರಿ, ನಿಜಗುಣಪ್ಪ. ನಮ್ಮನ್ನ ಕೇಳಬೇಕಿತ್ತ" ಎಂದರು. ಸಂಜು ಹೇಳಿದ್ದು ಇನ್ನೂ ಕಡಿಮೆ: "ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ್ರಿ."

ತುಳಿದಿಲ್ಲ. ಅವ್ವ ಅಪ್ಪ ಹೋದ ಮೇಲೆ ನಿನಗೆ ತವರೆಂದರೆ ನಾನೊಬ್ಬನೇ. ಆ ತವರು ಈಗ ಕಾಗದದ ಮೇಲೆ ಬರುತ್ತಿದೆ. ಕಣ್ಣು ಹೇಗಿದೆ, ಬರೆ.

ನಿನ್ನ ಅಣ್ಣ,
ನಿಜಗುಣಪ್ಪ


ಚಚಡಿ
೮ ಜುಲೈ ೧೯೯೬

ಅಣ್ಣನಿಗೆ,

ನಿನ್ನ ಪತ್ರವನ್ನು ಇವರೇ ತಂದುಕೊಟ್ಟರು. ಒಡೆದಿರಲಿಲ್ಲ. "ನಿಮ್ಮ ಅಣ್ಣಂದು. ಈ ಸಲ ಏನ ತಗಸಬೇಕಂತ ಬರದಾನ ನೋಡ" ಎಂದು ನಕ್ಕರು. ನಕ್ಕದ್ದೇ ದೊಡ್ಡದು. ಈ ಮನೆಯಲ್ಲಿ ಯಾರೂ ನಗದೆ ಬಹಳ ದಿನವಾಗಿತ್ತು.

ನಿನಗೆ ಹೇಳಲೇಬೇಕಾದ ಸುದ್ದಿ ಇದೆ. ಹುಬ್ಬಳ್ಳಿಯಿಂದ ಬಂದ ಮರುದಿನ ಅತ್ತೆ ನನ್ನನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ನರ್ಸ್ ತೋರಿಸಿದ ಹಾಗೆ ಆ ಚಿಪ್ಪನ್ನು ತೆಗೆದು ತೊಳೆಯಲು ಹೋದರು. ಕಣ್ಣೆಂದರೆ ಬರೀ ಚಿಪ್ಪು ಅಣ್ಣ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ಬಣ್ಣ. ಅದರ ಹಿಂದೆ ಗುಳಿ ಇರುತ್ತದೆಂದು ಅತ್ತೆ ಹೆದರಿದ್ದರು. ಗುಳಿ ಇರಲಿಲ್ಲ. ಕೆಂಪಗೆ, ದುಂಡಗೆ, ಹಸಿಹಸಿಯಾಗಿ ಏನೋ ತುಂಬಿಕೊಂಡಿತ್ತು. ನಾನು ಬಾಗಿಲ ಕಡೆ ನೋಡಿದೆ, ಅದೂ ಬಾಗಿಲ ಕಡೆ ಹೊರಳಿತು. ಅತ್ತೆಯ ಕೈಯಿಂದ ತಂಬಿಗೆ ಬಿತ್ತು.

"ಯವ್ವಾ, ಐತಿ. ಇನ್ನೂ ಐತಿ ಒಳಗ. ಜೀಂವಾ ಐತಿ ಅದರಾಗ."

ಇವರನ್ನು ಕರೆದು ತೋರಿಸಿದರು. ಇವರು ಬಹಳ ಹೊತ್ತು ನೋಡಿದರು. ಅತ್ತೆ ಅಂದರು, "ಕಬ್ಬ ಕಡದ್ರ ಕೂಳಿ ಒಡ್ಯೂದಿಲ್ಲೇನ? ಡಾಕ್ಟರ ಮ್ಯಾಲಿಂದ ಕಡದಾನ, ಬೇರ ಉಳದೈತಿ. ಮೊಳಕಿ ಮ್ಯಾಲ ಕಲ್ಲ ಇಟ್ರ ಕೊಳೀತೈತಿ. ತಗೀ ಆ ಚಿಪ್ಪ."

ಅಂದಿನಿಂದ ಚಿಪ್ಪು ಅತ್ತೆಯ ಟ್ರಂಕಿನಲ್ಲಿದೆ. ಇಳಕಲ್ ಸೀರೆಗಳ ನಡುವೆ, ಹತ್ತಿಯಲ್ಲಿ ಸುತ್ತಿ. ಒಂದು ಗೆರೆ ಬಿದ್ದಿಲ್ಲ. ಬೀಗರು ಬಂದರೆ ಅಷ್ಟೇ ಹಾಕುತ್ತಾರೆ. ದಿನಾ ಬೆಳಿಗ್ಗೆ ಕಾಯಿಸಿ ಆರಿಸಿದ ನೀರಿನಿಂದ ಕಣ್ಣು ತೊಳೆದು, ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿಸಿ ಬೆರಳು ಆಡಿಸುತ್ತಾರೆ. ಬೆರಳು ಹೋದ ಕಡೆ ಅದೂ ಹೋಗುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬೆಳ್ಳಿ ಕಣ್ಣು ಏರಿಸಿ ಬಂದರು. ಒಂದೇ ಕೊಡು ಎಂದರೆ ಅಂಗಡಿಯವನು "ಒಂಟಿ ಕಣ್ಣ ಮಾರೂದಿಲ್ಲಬೇ, ಜೋಡೀನ" ಎಂದನಂತೆ. "ಇರಲಿ, ಇನ್ನೊಂದು ಕಾಯಾಕ" ಎಂದು ಜೋಡಿಯನ್ನೇ ಕೊಂಡು ಏರಿಸಿದರು.

ಒಂದು ಮಾತು ಕೇಳುತ್ತೇನೆ. ನೀನು ಸಹಿ ಮಾಡುವಾಗ ಡಾಕ್ಟರು ಎಲ್ಲವನ್ನೂ ತೆಗೆಯುತ್ತೇನೆಂದರೋ, ಬೇರು ಬಿಡುತ್ತೇನೆಂದರೋ? ಮೊನ್ನೆ ಬಿಸಿಲಿಗೆ ನಿಂತಾಗ ಆ ಕಡೆ ಕೆಂಪಗೆ ಏನೋ ಕಂಡಂತಾಯಿತು. ಕಂಡಿತೋ, ಕಾಣಲಿ ಎಂದುಕೊಂಡೆನೋ. ಅತ್ತೆಗೆ ಹೇಳಿಬಿಟ್ಟೆ. ಆಗಿನಿಂದ ನನ್ನನ್ನು ಒಲೆಯ ಹೊಗೆಗೆ ಬಿಟ್ಟಿಲ್ಲ.

ನಿನ್ನ ತಂಗಿ,
ರಾಜೇಶ್ವರಿ


ಬೈಲಹೊಂಗಲ
೧೨ ಜುಲೈ ೧೯೯೬

ರಾಜೀ,

ನಿನ್ನ ಪತ್ರವನ್ನು ಕಾಲೇಜಿನ ಗ್ರಂಥಾಲಯದಲ್ಲಿ, ನನ್ನ ಮೇಜಿನ ಹತ್ತಿರ ನಿಂತೇ ಓದಿದೆ. ಹುಡುಗಿಯೊಬ್ಬಳು ಪುಸ್ತಕ ಕೇಳಿದಳು, ತೆಗೆದುಕೊಟ್ಟೆ. "ಸರ್, ಇದಲ್ರಿ ನಾ ಕೇಳಿದ್ದು" ಎಂದಳು. ಇನ್ನೊಂದು ಕೊಟ್ಟೆ. "ಇದೂ ಅಲ್ರಿ." ಆಮೇಲೆ ಅವಳೇ ಒಳಗೆ ಹೋಗಿ ಹುಡುಕಿಕೊಂಡಳು.

ಚಿಪ್ಪನ್ನು ಇವತ್ತೇ ಟ್ರಂಕಿನಿಂದ ತೆಗೆದು ಹಾಕಿಕೋ. ಹಗಲೂ ರಾತ್ರಿ ಅದು ಒಳಗೇ ಇರಬೇಕು. ತೊಳೆಯುವಾಗ ಮಾತ್ರ ಹೊರಗೆ. ಹಬ್ಬಕ್ಕೊಮ್ಮೆ ಹಾಕುವ ಒಡವೆ ಅಲ್ಲ ಅದು. ಖಾಲಿ ಬಿಟ್ಟರೆ ಒಳಗಿನ ಜಾಗ ಕುಗ್ಗುತ್ತದೆ. ಕಣ್ಣು ಹಾಕಿದ ದಿನ ಸಂಜು ಔಷಧಿ ತರಲು ಕೆಳಗೆ ಹೋಗಿದ್ದರು. ಡಾಕ್ಟರು ವರಾಂಡದಲ್ಲಿ ನನ್ನನ್ನು ಕಂಡು ಇಂಗ್ಲಿಷಿನಲ್ಲಿ ಇದನ್ನು ಹೇಳಿದರು. ನಿನಗೂ ಅತ್ತೆಗೂ ಹೇಳಿರುತ್ತಾರೆ ಎಂದು ತಿಳಿದೆ. ಕಣ್ಣನ್ನು ಹಾಕಿಕೊಂಡೇ ಇರು ಎಂದು ಯಾರಿಗಾದರೂ ಹೇಳಬೇಕಾಗುತ್ತದೆಂದು ನನಗೆ ತೋಚಲಿಲ್ಲ.

ಬೇರಿನ ವಿಷಯ ಹೇಳಲು ನಾನು ಡಾಕ್ಟರನಲ್ಲ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಚಿಪ್ಪು ಹಾಕಿಕೋ.

ಅಣ್ಣ,
ನಿಜಗುಣಪ್ಪ


ಚಚಡಿ
೨೪ ಆಗಸ್ಟ್ ೧೯೯೬

ಅಣ್ಣನಿಗೆ,

ಪಂಚಮಿ ಮುಗಿಯಿತು. ಓಣಿಯ ಸೊಸೆಯರೆಲ್ಲ ತವರಿಗೆ ಹೋದರು. ಅವರ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋದರು. ನಿನ್ನನ್ನು ದೂರುತ್ತಿಲ್ಲ. ಬಂದಿದ್ದರೂ ಹೊಸ್ತಿಲಿನ ಆಚೆ ನಿಲ್ಲುತ್ತಿದ್ದೆ.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದ್ದೆ. ಬಂದ ಪತ್ರವನ್ನು ಗಟ್ಟಿಯಾಗಿ ಓದುವುದು ಈ ಮನೆಯ ರೂಢಿ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿ, "ಕಿತ್ತ ತಗ್ಯಾಕೂ ಅವಸರ ಮಾಡಿದಾ, ಈಗ ಮುಚ್ಚಾಕೂ ಅವಸರ ಮಾಡ್ತಾನ. ನಿಮ್ಮಣ್ಣಗ ಕಣ್ಣ ಕಂಡ್ರ ಆಗೂದಿಲ್ಲೇನ?" ಎಂದರು. ಆಮೇಲೆ ಮತ್ತೆ ಬಡಿಯತೊಡಗಿದರು.

ಹಬ್ಬದ ದಿನ ಚಿಪ್ಪು ಹಾಕಲೇಬೇಕೆಂದು ಅತ್ತೆಯೇ ತೆಗೆದರು. ಮೊದಲಿನ ಹಾಗೆ ಸರಕ್ಕನೆ ಹೋಗಲಿಲ್ಲ. ಕೆಳಗಿನ ರೆಪ್ಪೆಯನ್ನು ಎಳೆದು, ಒತ್ತಿ ಹಿಡಿದರೆ ಕೂತಿತು. ಮಗ್ಗುಲ ಮನೆಯ ದೇವಕ್ಕ ಶೇಂಗಾ ಉಂಡಿ ತಂದಿದ್ದಳು. ಜೋಕಾಲಿಯಲ್ಲಿ ಕೂಡಿಸಿ ಎರಡು ಸಲ ತೂಗಿದಳೋ ಇಲ್ಲವೋ, ಅದು ಹಾರಿ ನನ್ನ ಉಡಿಯಲ್ಲಿ ಬಿತ್ತು. ದೇವಕ್ಕ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾರದೆ, "ಯವ್ವಾ ರಾಜವ್ವ, ಹುಬ್ಬಳ್ಳಿ ಮಾಲಿಗೆ ಖಾತ್ರಿ ಇಲ್ಲ ಬಿಡ" ಎಂದಳು. ನಾನೂ ನಕ್ಕೆ. ಏನು ಮಾಡಲಿ.

ಅತ್ತೆಗೆ ಮಾತ್ರ ನಗೆಯಲ್ಲ, ಹಿಗ್ಗು. ಒಳಗಿನದು ಬೆಳೆದು ಹೊರಗಿನದನ್ನು ನೂಕುತ್ತಿದೆಯಂತೆ. "ಹೊಸ ಹಲ್ಲ ಬಂದ್ರ ಹಾಲಹಲ್ಲ ಬೀಳೂದಿಲ್ಲೇನ?" ಎಂದು ಓಣಿಗೆಲ್ಲ ಹೇಳಿಬಂದರು. ನೋಡಲು ಹೆಂಗಸರು ಬಂದರು. ರೆಪ್ಪೆ ಎತ್ತಿ ತೋರಿಸಿದೆ. ಬೆರಳು ಆಡಿಸಿ ನೋಡಿ, ಒಬ್ಬಳು ಕೈಮುಗಿದಳು.

ಆದರೆ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತಿದೆ ಅಣ್ಣ. ಕನ್ನಡಿಯಲ್ಲಿ ಬಲಗಡೆ ಮುಖ ಸಣ್ಣದಾಗಿದೆ. ರೆಪ್ಪೆಗೂದಲು ಒಳಗೆ ಚುಚ್ಚುತ್ತದೆ. ಮೊಳಕೆ ಒಡೆಯುವುದು ಹೀಗೆಯೇ ಇರಬಹುದು, ಮೊಳಕೆಯಾಗಿ ನಾನು ಎಂದೂ ಇದ್ದವಳಲ್ಲ. ಬಿಸಿಲಿಗೆ ನಿಂತಾಗ ಕೆಂಪು ಕಾಣುತ್ತದೆ ಎಂದು ಅತ್ತೆಗೆ ಈಗಲೂ ಹೇಳುತ್ತೇನೆ. ಕಾಣುತ್ತದೆಯೋ ಇಲ್ಲವೋ ನನಗೆ ಈಗ ಗೊತ್ತಾಗುವುದಿಲ್ಲ. ಹೇಳಿ ಹೇಳಿ ಕಂಡಂತೆಯೇ ಆಗಿದೆ.

ಬೇರಿನ ಬಗ್ಗೆ ಆಮೇಲೆ ಬರೆಯುತ್ತೇನೆ ಎಂದಿದ್ದೆ ನೀನು. ಬರೆಯಲಿಲ್ಲ. ಇದೆ ಅಥವಾ ಇಲ್ಲ. ಒಂದು ಶಬ್ದ ಬರೆ, ಸಾಕು.

ರಾಜೇಶ್ವರಿ


ಬೈಲಹೊಂಗಲ
೨ ಸೆಪ್ಟೆಂಬರ್ ೧೯೯೬

ರಾಜೀ,

ಇಲ್ಲ.

ಒಂದೇ ಶಬ್ದ ಸಾಕೆಂದಿದ್ದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅತ್ತೆ ಇನ್ನೊಂದು ಮಾತು ಹೇಳುತ್ತಾರೆ, ನೀನು ನಂಬುತ್ತೀ. ನಿನ್ನ ಜಾಗದಲ್ಲಿದ್ದರೆ ನಾನೂ ನಂಬುತ್ತಿದ್ದೆ. ಶನಿವಾರ ಹುಬ್ಬಳ್ಳಿಗೆ ಹೋಗಿ ಡಾಕ್ಟರನ್ನು ಕಂಡು ಬಂದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ನಿನ್ನ ಬಲಗಣ್ಣನ್ನು ಪೂರ್ತಿ ತೆಗೆದಿದ್ದಾರೆ. ಬುಡ ಸಮೇತ. ಏನೂ ಉಳಿದಿಲ್ಲ. ಕಣ್ಣು ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಮುಖ ಒಳಕ್ಕೆ ಬೀಳುತ್ತದೆಂದು ಅಲ್ಲಿ ಒಂದು ಗುಂಡನ್ನು ಇಟ್ಟಿದ್ದಾರೆ. ಗೋಲಿಯಾಟದ ಗೋಲಿಗಿಂತ ಸ್ವಲ್ಪ ದೊಡ್ಡದು. ಒಂದು ಬಗೆಯ ಪ್ಲಾಸ್ಟಿಕ್. ಕಣ್ಣನ್ನು ಆಚೀಚೆ ಎಳೆಯುವ ನಿನ್ನ ಸ್ನಾಯುಗಳನ್ನು ಆ ಗುಂಡಿನ ಮುಂದಕ್ಕೆ ತಂದು ಹೊಲಿದು, ಮೇಲೆ ನಿನ್ನದೇ ತೆಳು ಪೊರೆಯನ್ನು ಮುಚ್ಚಿದ್ದಾರೆ. ಎಡಗಣ್ಣು ಹೊರಳಿದಾಗ ಬಲಗಡೆಯ ಸ್ನಾಯುಗಳೂ ಎಳೆಯುತ್ತವೆ. ಅಲ್ಲಿ ಕಣ್ಣಿಲ್ಲ ಎಂಬುದು ಅವಕ್ಕೆ ಗೊತ್ತಿಲ್ಲ. ಅತ್ತೆ ಕಂಡದ್ದು ಅದನ್ನು. ಅದು ಹೊರಳಿದ್ದು ನಿಜ. ಅದು ನೋಡುವುದಿಲ್ಲ.

ಡಾಕ್ಟರು ಅಂಥದೊಂದು ಗುಂಡನ್ನು ಮೇಜಿನ ಖಾನೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ತಣ್ಣಗಿತ್ತು. ಅದರೊಳಗಿಂದ ನನ್ನ ಅಂಗೈ ಗೆರೆಗಳು ದೊಡ್ಡದಾಗಿ, ಸೊಟ್ಟಸೊಟ್ಟಾಗಿ ಕಂಡವು. ಯಾರಿಗೆ ಇಡಬೇಕಾದದ್ದೋ. ಕೂಡಲೇ ತಿರುಗಿ ಕೊಟ್ಟುಬಿಟ್ಟೆ.

ಚಿಪ್ಪು ಹೊರಗೆ ಬೀಳುವುದು ಒಳಗಿನದು ಬೆಳೆದದ್ದರಿಂದ ಅಲ್ಲ, ಜಾಗ ಮುಚ್ಚುತ್ತಿರುವುದರಿಂದ. ರೆಪ್ಪೆಯ ಒಳಗಿನ ಮಡಿಕೆಗಳು ಅಂಟಿಕೊಳ್ಳುತ್ತಿವೆ. ಇನ್ನೂ ಕೆಲವು ತಿಂಗಳು ಹೀಗೇ ಬಿಟ್ಟರೆ ಯಾವ ಕಣ್ಣೂ ಅಲ್ಲಿ ಕೂಡುವುದಿಲ್ಲ, ಎಂದಿಗೂ. ಈಗ ಮಾಡಿದರೆ ದಾರಿ ಇದೆ. ತುಟಿಯ ಒಳಗಿನ ತೊಗಲನ್ನು ಸ್ವಲ್ಪ ತೆಗೆದು ರೆಪ್ಪೆಯ ಒಳಗೆ ಹೊಲಿದು ಜಾಗ ಮಾಡುತ್ತಾರಂತೆ. ದೀಪಾವಳಿ ಮುಗಿದ ಕೂಡಲೇ ಕರೆತನ್ನಿ ಎಂದರು.

ಎಡಗಣ್ಣಿಗೆ ಏನೂ ಭಯವಿಲ್ಲ ಎಂದೂ ಹೇಳಿದರು. ಅದನ್ನು ಮೊದಲೇ ಬರೆಯಬೇಕಿತ್ತು.

ಅಣ್ಣ


ಚಚಡಿ
೧೧ ಸೆಪ್ಟೆಂಬರ್ ೧೯೯೬

ಅಣ್ಣ,

ರೂಢಿಯಂತೆ ಗಟ್ಟಿಯಾಗಿ ಓದಿಬಿಟ್ಟೆ. ಮೊದಲು ಮನಸ್ಸಿನಲ್ಲಿ ಓದಿಕೊಂಡಿದ್ದರೆ ಚೆನ್ನಾಗಿತ್ತು. "ಇಲ್ಲ" ಎಂದು ಓದಿ ನಿಂತೆ. "ಏನ ಇಲ್ಲಂತ?" ಎಂದರು ಅತ್ತೆ. ಮುಂದಿನದನ್ನು ಓದಿದೆ. ನನ್ನ ದನಿ ಯಾರೋ ಬೇರೆಯವರ ಪತ್ರ ಓದುವವರ ಹಾಗೆ ಹೋಗುತ್ತಿತ್ತು. ಗುಂಡಿನ ಮಾತು ಬಂದಲ್ಲಿ ಇವರು ನೇಗಿಲಿನ ಹಗ್ಗ ಹೊಸೆಯುವುದನ್ನು ಬಿಟ್ಟು ಎದ್ದು ಬಂದರು.

"ಗೋಲಿ? ಗೋಲಿ ಹಾಕ್ಯಾರ ಒಳಗ?"

"ಹೂಂ."

"ಯಾರನ್ನ ಕೇಳಿ?"

ಇವರು ನನ್ನ ಗದ್ದ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಎಷ್ಟು ತಿಂಗಳು ಇದನ್ನೇ ನೋಡಿ ಖುಷಿಪಟ್ಟಿದ್ದರು. ಈಗ ಅದು ಇವರನ್ನು ನೋಡಿದ ಹಾಗೆ ಹೊರಳಿತು. ಹೊರಳಿದ್ದೇ ತಡ, ಇವರು ಕೈ ತೆಗೆದರು, ಬಿಸಿ ತಾಗಿದವರ ಹಾಗೆ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ಇವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಕನ್ನಡಿಯ ಮುಂದೆ ನಿಂತು ನೋಡಲು ಹೋದೆ. ಆಗಲಿಲ್ಲ. ಈ ಮೂರು ತಿಂಗಳು ನಾನು ದಿನಾ ಬಿಸಿಲಿಗೆ ಒಡ್ಡಿದ್ದು ಒಂದು ಗೋಲಿಯನ್ನು.

ಅತ್ತೆ ಒಲೆಯ ಮುಂದೆಯೇ ಕುಳಿತಿದ್ದರು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ತೆಗೆಯಲಿಲ್ಲ. ಆಮೇಲೆ ಕೇಳಿದರು, "ಹಂಗಾರ ಚಿಪ್ಪ ಬಿದ್ದದ್ದು?"

"ಜಾಗ ಮುಚ್ಚಾಕ ಹತ್ತೈತಂತ, ಅತ್ತಿ."

"ಚಿಪ್ಪ ತಗದಿದ್ದಕ್ಕ?"

"ಹೂಂ."

"ನಾ ತಗದಿದ್ದಕ್ಕ."

ಅದು ಪ್ರಶ್ನೆಯಾಗಿರಲಿಲ್ಲ.

ಆ ರಾತ್ರಿ ಅವರು ಉಣ್ಣಲಿಲ್ಲ. ಮರುದಿನ ನೀರು ಕಾಯಿಸಿದರು, ಆರಿಸಿದರು, ತಂಬಿಗೆಯನ್ನು ನನ್ನ ಮುಂದೆ ಇಟ್ಟು ದೂರ ಹೋಗಿ ಕುಳಿತರು. "ನೀನ ತೊಳ್ಕೋ ಯವ್ವಾ. ನನ್ನ ಕೈ ಬ್ಯಾಡ." ಅಂದಿನಿಂದ ಅವರು ನನ್ನ ಮುಖ ಮುಟ್ಟಿಲ್ಲ. ನಾನು ಚಿಪ್ಪು ಹಾಕಲು ನೋಡಿದೆ. ಹೋಗುವುದಿಲ್ಲ.

ನಿನ್ನೆ ಅವರು ಇನ್ನೊಂದು ಮಾತು ಕೇಳಿದರು. ನಿನ್ನನ್ನೇ ಕೇಳು ಎಂದಿದ್ದಾರೆ. "ಗೋಲಿ ಇಟ್ರು ಸರಿ. ತಗದ ಕಣ್ಣ ಏನ ಮಾಡಿದ್ರು? ನಮ್ಮವರು ಸತ್ರ ಮಣ್ಣಿಗೆ ಕೊಡ್ತೇವಿ. ಅದನ್ನ ಯಾರರೆ ಮಣ್ಣಿಗೆ ಕೊಟ್ರೇನ, ಇಲ್ಲಾ ಎಲ್ಲಿ ಚೆಲ್ಲಿದ್ರು? ನಿಜಗುಣಪ್ಪ ಅಲ್ಲೇ ಇದ್ರಲ್ಲ."

ನನಗೆ ಇದು ಹೊಳೆದೇ ಇರಲಿಲ್ಲ. ಈಗ ಬೇರೆ ಯಾವುದೂ ಹೊಳೆಯುತ್ತಿಲ್ಲ.

ರಾಜೇಶ್ವರಿ


ಬೈಲಹೊಂಗಲ
೧೯ ಸೆಪ್ಟೆಂಬರ್ ೧೯೯೬

ರಾಜೇಶ್ವರಿಗೆ,

ಏಪ್ರಿಲ್‌ನಲ್ಲಿ ನಾನು ಕೇಳಿರಲಿಲ್ಲ. ನಿನ್ನ ಪತ್ರ ಬಂದ ಮೇಲೆ ಕಾಲೇಜಿನ ಫೋನಿನಿಂದ ಆಸ್ಪತ್ರೆಯವರನ್ನು ಕೇಳಿದೆ. ತೆಗೆದ ಕಣ್ಣನ್ನು ಕೊಯ್ದು ಪರೀಕ್ಷೆ ಮಾಡುತ್ತಾರೆ, ಆಮೇಲೆ ಆಸ್ಪತ್ರೆಯ ಒಲೆಯಲ್ಲಿ ಸುಡುತ್ತಾರೆ. ಎಲ್ಲರದ್ದನ್ನೂ ಹಾಗೆಯೇ ಮಾಡುತ್ತಾರೆ. ಕೇಳಿದವರಿಗೆ ಕೊಡುತ್ತಾರೆಯೇ ಎಂದೆ. ಇದುವರೆಗೆ ಯಾರೂ ಕೇಳಿಲ್ಲ ಎಂದರು.

ಸುಟ್ಟರು ಎಂಬ ಶಬ್ದವನ್ನು ಅತ್ತೆಯ ಮುಂದೆ ಓದಬೇಕೋ ಬೇಡವೋ ನಿನಗೆ ಬಿಟ್ಟದ್ದು. ಮಣ್ಣಾಯಿತು ಎಂದು ಬರೆಯಬಹುದಿತ್ತು. ಬರೆದು ಹರಿದೆ. ಈ ಮನೆಗೂ ಆ ಮನೆಗೂ ನಡುವೆ ತಪ್ಪಾಗಿ ತಿಳಿದದ್ದು ಇಷ್ಟು ಸಾಕು.

ಆಪರೇಷನ್ನಿಗೆ ದಿನ ಕೇಳಿ ಇಟ್ಟಿದ್ದೇನೆ. ನಿಮ್ಮ ಮನೆಯವರು ಹೂಂ ಅನ್ನಬೇಕು. ಈ ಸಲ ಅವರು ಅನ್ನದೆ ಯಾವ ಕಾಗದದ ಮೇಲೂ ಒಂದು ಗೆರೆಯನ್ನೂ ನಾನು ಎಳೆಯುವುದಿಲ್ಲ. ಬನ್ನಿ ಹಬ್ಬದ ದಿನ ಬರುತ್ತೇನೆ. ಅಂದು ಬನ್ನಿ ಕೊಡಲು ಬಂದವರನ್ನು ಯಾರೂ ತಿರುಗಿ ಕಳಿಸುವುದಿಲ್ಲ. ಕಳಿಸಿದರೆ ಕಟ್ಟೆಯ ಮೇಲೆ ಕುಳಿತು ಮುಂದಿನ ಬಸ್ಸಿಗೆ ಹೋಗುತ್ತೇನೆ.

ನಿಜಗುಣಪ್ಪ


ಚಚಡಿ
೨೭ ಅಕ್ಟೋಬರ್ ೧೯೯೬

ಅಣ್ಣ,

ನೀನು ಬಂದು ಹೋದ ಮೂರನೆಯ ದಿನ ಮನೆಯಲ್ಲಿ ಆಪರೇಷನ್ನಿನ ಮಾತು ಬಂತು. ಮೊದಲು ಆ ಸುದ್ದಿ ಬರೆಯುತ್ತೇನೆ.

ಆಪರೇಷನ್ ಮಾಡಿಸೋಣ ಎಂದರು ಇವರು. "ಮುಚ್ಚಿ ಹೋಗಲಿ ಬಿಡ, ಇರೂದು ಒಂದು ಕಣ್ಣ ಸಾಕಲ್ಲ" ಎಂದವರು ಅತ್ತೆ. ಮೊಂಡುತನದಿಂದಲ್ಲ, ಹೆದರಿಕೆಯಿಂದ. ಮತ್ತೊಮ್ಮೆ ನನ್ನ ಮುಖಕ್ಕೆ ಕತ್ತರಿ ಮುಟ್ಟಿಸಿದರೆ ಅದೂ ಅವರಿಂದಲೇ ಆಯಿತು ಎಂದು ಅವರ ಲೆಕ್ಕ. ಇಬ್ಬರೂ ವಾದ ಮಾಡಿ ಮಾಡಿ ನನ್ನ ಕಡೆ ತಿರುಗಿದರು. ಈ ಕಣ್ಣಿನ ವಿಷಯದಲ್ಲಿ ಯಾರೂ ಒಮ್ಮೆಯೂ ನನ್ನ ಕಡೆ ತಿರುಗಿರಲಿಲ್ಲ, ನೀನೂ ಸೇರಿ. ನೀರು ಕುಡಿದು ಬಂದು ಹೇಳಿದೆ, ಮಾಡಿಸುತ್ತೇನೆ, ಕಾಗದಕ್ಕೆ ನಾನೇ ಸಹಿ ಮಾಡುತ್ತೇನೆ ಎಂದು. ದೀಪಾವಳಿಯ ನಂತರ ಹೋಗುತ್ತೇವೆ.

ಇನ್ನು ನಿನ್ನ ವಿಷಯ.

ನೀನು ಬಂದೆ. ಇವರು ಹೊಸ್ತಿಲಲ್ಲಿ ನಿಂತು ಬನ್ನಿ ತೆಗೆದುಕೊಂಡರು, "ಬರ್ರಿ, ಒಳಗ ಕುಂದರ್ರಿ" ಎಂದರು. ಅಷ್ಟು ಹೇಳಲು ಇವರಿಗೆ ಏನೆಲ್ಲ ಆಯಿತೋ. ನೀನು ಪಡಸಾಲೆಯಲ್ಲಿ ಚಹಾ ಮುಗಿಯುವ ತನಕ ಕುಳಿತೆ, ಆಮೇಲೆ ಊಟಕ್ಕೂ ಕುಳಿತೆ. ಮಳೆಯ ಮಾತಾಡಿದೆ. ಗೋವಿನಜೋಳದ ಮಾತಾಡಿದೆ. ಹುಬ್ಬಳ್ಳಿಯ ಬಸ್ಸಿನ ಹೊತ್ತು ಹೇಳಿದೆ. ನಾನು ನಿನ್ನ ಎದುರಿಗೇ ಕುಳಿತಿದ್ದೆ. ತಲೆಯ ಮೇಲಿನ ಸೆರಗನ್ನು ಬೇಕೆಂದೇ ಹಿಂದೆ ಸರಿಸಿದ್ದೆ. ನೀನು ನನ್ನ ಹಿಂದಿನ ಗೋಡೆಗೆ ಮಾತಾಡಿದೆ. ನೀಡುವಾಗ ನನ್ನ ಕೈ ನೋಡಿದೆ, ಬಳೆ ನೋಡಿದೆ. ಹೋಗುವಾಗ ಎಡಗಡೆಯಿಂದ ಬಂದು ತಲೆ ಮುಟ್ಟಿದೆ.

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವಾಗಲೆಲ್ಲ ನೀನು ಹೊರಗೆ ಇರುತ್ತಿದ್ದೆ ಎಂದು ನರ್ಸ್ ಹೇಳಿದ್ದಳು. ಕಂಬದ ಮರೆ ಎಂದು ನೀನೇ ಬರೆದಿದ್ದೀ. ಗುಂಡನ್ನು ಕೈಯಲ್ಲಿ ಹಿಡಿದವನು ನೀನು. ಅದು ಎಲ್ಲಿದೆಯೋ ಅಲ್ಲಿ ಒಮ್ಮೆಯೂ ನೋಡಿಲ್ಲ. ಅತ್ತೆ ತಪ್ಪು ತಿಳಿದರು, ಆದರೆ ಅವರು ದಿನಾ ನೋಡಿ ತಪ್ಪು ತಿಳಿದವರು. ಬೆರಳಿನಿಂದ ರೆಪ್ಪೆ ಎತ್ತಿ, ಕೀವು ಒರೆಸಿ, ವಾಸನೆ ಬಂದರೂ ಮುಖ ತಿರುಗಿಸದೆ.

ಇದನ್ನು ನಿನಗೆ ನೋವಾಗಲಿ ಎಂದು ಬರೆದಿಲ್ಲ. ಆಗದಿರಲಿ ಎಂದೂ ಬರೆದಿಲ್ಲ.

ರಾಜೇಶ್ವರಿ


ಹುಬ್ಬಳ್ಳಿ
೨ ಡಿಸೆಂಬರ್ ೧೯೯೬

ಅಣ್ಣನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ಆಸ್ಪತ್ರೆಗೆ ಬಂದು ಕೆಳಗಿನಿಂದಲೇ ಹಣ್ಣು ಕೊಟ್ಟು ಹೋದದ್ದು ಗೊತ್ತಾಯಿತು. ಮೋಸಂಬಿ ತಿನ್ನುವ ಹಾಗಿಲ್ಲ, ಅತ್ತೆ ತಿಂದರು.

ಕೆಳತುಟಿಯ ಒಳಗೆಲ್ಲ ಹುಣ್ಣು. ಮಾತಾಡಿದರೆ ರಕ್ತ ಬರುತ್ತದೆ, ಅದಕ್ಕೇ ಎಲ್ಲರಿಗೂ ಚೀಟಿ ಬರೆದು ತೋರಿಸುತ್ತೇನೆ. ಅತ್ತೆಗೆ ಓದಲು ಬರುವುದಿಲ್ಲ. ಚೀಟಿ ಹಿಡಿದುಕೊಂಡು ವಾರ್ಡಿನಲ್ಲಿ ಯಾರಾದರೂ ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುತ್ತಾರೆ. "ನೀರು" ಎಂದು ಬರೆದದ್ದು ತಿರುಗಿ ಬರುವ ಹೊತ್ತಿಗೆ ಬಾಯಾರಿಕೆ ಹೋಗಿರುತ್ತದೆ. ಒಮ್ಮೆ ನಗು ಬಂತು, ಹೊಲಿಗೆ ಎಳೆಯಿತು.

ಜಾಗ ಆಗಿದೆಯಂತೆ. ಒಳಗಿನ ಗುಂಡನ್ನು ಮುಟ್ಟಲಿಲ್ಲ, ಅದು ಇದ್ದಲ್ಲೇ ಇದೆ. ಈಗ ಅಲ್ಲಿ ಬಣ್ಣವಿಲ್ಲದ ಒಂದು ಬಿಲ್ಲೆ ಹಾಕಿ ರೆಪ್ಪೆಗಳನ್ನು ಹೊಲಿದಿದ್ದಾರೆ. ಗುರುವಾರ ಬಿಚ್ಚುತ್ತಾರೆ. ಅಂಟಿಕೊಳ್ಳದೆ ಉಳಿದರೆ ಸಂಕ್ರಾಂತಿಯ ಹೊತ್ತಿಗೆ ಹೊಸ ಚಿಪ್ಪು. ಉಳಿಯುತ್ತದೆಯೋ ಇಲ್ಲವೋ ಮುಂದಿನ ಕೆಲವು ವಾರಗಳಲ್ಲಿ ತಿಳಿಯುತ್ತದೆ. ಡಾಕ್ಟರು ಭರವಸೆ ಕೊಡಲಿಲ್ಲ. ಕೊಡದಿದ್ದದ್ದು ನನಗೆ ಹಿಡಿಸಿತು.

ಬಿಚ್ಚಿದ ಮೇಲೆ ದಿನಾ ಆ ಬಿಲ್ಲೆಯನ್ನು ತೆಗೆದು, ಒಳಗೆ ತೊಳೆದು, ಮುಲಾಮು ಹಚ್ಚಿ ಕೂಡಲೇ ಹಾಕಬೇಕು. ಮೊದಲ ತಿಂಗಳು ನನ್ನ ಕೈಯಿಂದ ಆಗುವುದಿಲ್ಲವಂತೆ, ಎದುರಿಗೆ ಕುಳಿತು ನೋಡಿ ಮಾಡುವವರೇ ಬೇಕು. ಮನೆಯವರಲ್ಲಿ ಒಬ್ಬರಿಗೆ ಕಲಿಸುತ್ತೇವೆ, ಯಾರು ಎಂದು ಹೇಳಿ ಎಂದರು. ಅತ್ತೆ ಕೈ ಹಿಂದೆ ಕಟ್ಟಿಕೊಂಡರು. ಇವರು ಕಿಟಕಿ ಕಡೆ ನೋಡಿದರು.

ನಾನು ನಿನ್ನ ಹೆಸರು ಬರೆದು ಕೊಟ್ಟಿದ್ದೇನೆ. ಚಚಡಿಯ ಮನೆಯಲ್ಲಿ ನಿನಗೆ ಮಾಳಿಗೆಯ ಕೋಣೆ ಕೊಡುತ್ತೇವೆ ಎಂದಿದ್ದಾರೆ ಇವರು. ಕಾಲೇಜಿಗೆ ರಜೆ ಹಾಕು. ಗುರುವಾರ ಮುಂಜಾನೆ ಒಂಬತ್ತಕ್ಕೆ ಬಾ, ಮೇಲಿನವರೆಗೆ ಬಾ. ಬರುವಾಗ ಉಗುರು ಕತ್ತರಿಸಿಕೊಂಡು ಬಾ.

ರಾಜೇಶ್ವರಿ